ಸ್ಪಿತಿಯ ಕಾಲುದಾರಿಯಲ್ಲಿ ದಂಡಿಯ ಕನ್ನಡಿ

ಹಿಮಾಲಯವೆಂದೊಡನೆ ಕನ್ನಡಿಗರ ಮನಸ್ಸು ಬದರಿ, ಕೇದಾರ, ಗಂಗೋತ್ರಿಗಳತ್ತ ಹರಿಯುತ್ತದೆ. ಹೆಚ್ಚೆಂದರೆ ಮಾನಸ ಸರೋವರದವರೆಗೆ. ಈ ಹದಿನೈದು ನಿಮಿಷಗಳಲ್ಲಿ ನಾನು ಹೇಳಹೊರಟಿರುವ ಹಿಮಾಲಯದಲ್ಲಿ ಗಂಗೆಯಿಲ್ಲ, ದೇವದಾರುವಿನ ಕಾಡಿಲ್ಲ, ಹೊಲಗಳಿಂದಾಚೆಗೆ ಹಸುರೆಂಬುದೇ ಅಪರೂಪ. ಹಿಮಾಚಲ ಪ್ರದೇಶದ ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ, ಟಿಬೆಟ್ಟಿನ ಗಡಿಗೆ ಒರಗಿಕೊಂಡಿರುವ ಸ್ಪಿತಿ ಎಂಬ ಕಣಿವೆ ಅದು. ಮುಂಗಾರಿನ ಮೋಡಗಳನ್ನು ದಕ್ಷಿಣದ ಪರ್ವತಶ್ರೇಣಿಯೇ ತಡೆದುಬಿಡುವುದರಿಂದ ಅಲ್ಲಿ ಬೀಳುವ ಮಳೆ ನಮ್ಮ ಬಯಲುಸೀಮೆಯದಕ್ಕಿಂತಲೂ ಕಡಮೆ. ಜನ ಆಡುವುದು ಟಿಬೆಟನ್ ಭಾಷೆಯ ಒಂದು ಪ್ರಭೇದವನ್ನು. ನಂಬಿರುವುದು ಟಿಬೆಟ್ಟಿನ ಬೌದ್ಧಧರ್ಮವನ್ನು. ಇಷ್ಟು ದೂರದ ನೆಲಕ್ಕೂ ನಮ್ಮ ಕನ್ನಡಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಎರಡು ಸಂಬಂಧಗಳಿವೆ. ಒಂದು ಸಾವಿರ ವರ್ಷಗಳಷ್ಟು ಹಳೆಯದು, ಇನ್ನೊಂದು ಅರವತ್ತು ವರ್ಷಗಳದು.

ನಿವೃತ್ತನಾದ ಮರುವರ್ಷ, 2022ರ ಆಗಸ್ಟಿನಲ್ಲಿ, ಇಬ್ಬರು ಗೆಳೆಯರೊಡನೆ ನಾನು ಅಲ್ಲಿ ಐದು ದಿನ ನಡೆದೆ. ಕಾಜಾ ಎಂಬ ಪಟ್ಟಣದಿಂದ ಹೊರಟು ಲಾಂಗ್ಜಾ, ಹಿಕ್ಕಿಮ್, ಕೋಮಿಕ್, ಡೆಮುಲ್, ಲಾಲುಂಗ್ ಎಂಬ ಹಳ್ಳಿಗಳನ್ನು ಹಾದು ಧನಕರ್ ಸೇರುವ ದಾರಿ. ಊರಿಂದೂರಿಗೆ ಹೋಗುವ ಹಳೆಯ ಕಾಲುದಾರಿಯಾದ್ದರಿಂದ ಗುಡಾರ ಹೊರಬೇಕಾಗಿಲ್ಲ; ರಾತ್ರಿಗೆ ಯಾವುದಾದರೂ ಮನೆಯಲ್ಲಿ ಹಾಸಿಗೆಯೂ ಊಟವೂ ದೊರೆಯುತ್ತವೆ. ಡೆಮುಲ್‌ನಲ್ಲಂತೂ ಅತಿಥಿಗಳು ಒಂದೇ ಮನೆಯ ಪಾಲಾಗದಂತೆ ಸರದಿಯ ಮೇಲೆ ಮನೆಗಳಿಗೆ ಹಂಚುತ್ತಾರೆ. ನಮ್ಮ ಹಳ್ಳಿಗಳಲ್ಲಿ ಭಿಕ್ಷಾನ್ನದ ಹುಡುಗರಿಗೆ ವಾರಾನ್ನ ಗೊತ್ತುಮಾಡುತ್ತಿದ್ದುದು ನೆನಪಾಯಿತು.

ಎತ್ತರದ ವಿಚಾರವನ್ನು ಮೊದಲೇ ಹೇಳಿಬಿಡಬೇಕು. ಬೂದಿಗೆರೆಯವನಾದ ನನಗೆ ಬೆಟ್ಟವೆಂದರೆ ನಂದಿಬೆಟ್ಟ. ಅದು ಸುಮಾರು 4,850 ಅಡಿ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 6,330 ಅಡಿ. ಅದರ ನೆತ್ತಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಕೂರಿಸಿದರೂ ಲಾಂಗ್ಜಾದ ಬಟಾಣಿ ಹೊಲಗಳಿಗೆ ಎಟುಕದು. ಅವು ಇರುವುದು 14,000 ಅಡಿಗೂ ಮೇಲೆ. ಮನಾಲಿಯ ಕಡೆಯಿಂದ ಕುಂಜುಂ ಕಣಿವೆಬಾಯನ್ನು ದಾಟಿ ಒಂದೇ ದಿನದಲ್ಲಿ ಕಾಜಾ ತಲುಪಬಹುದು. ತಲುಪಿದವರಲ್ಲಿ ಅನೇಕರು ಮರುದಿನ ತಲೆ ಎತ್ತಲಾರರು. ಶಿಮ್ಲಾದಿಂದ ಕಿನ್ನೌರಿನ ಮೂಲಕ ಮೂರುನಾಲ್ಕು ದಿನಗಳಲ್ಲಿ ಮೆಲ್ಲಮೆಲ್ಲನೆ ಏರುವುದು ಲೇಸು. ರಕ್ತ ಆ ತೆಳುಗಾಳಿಗೆ ಹೊಂದಿಕೊಳ್ಳಲು ಕಾಲ ಬೇಕು. ಅಲ್ಲಿ ಎರಡು ದಿನ ಸುಮ್ಮನೆ ಕುಳಿತವನು ಮೂರನೆಯ ದಿನ ನಡೆಯಬಲ್ಲ.

ಕೆರೆಯ ಸೀಮೆಯವನ ಕಣ್ಣಿಗೆ ಅಲ್ಲಿ ಮೊದಲು ಬೀಳುವುದು ನೀರು. ನಮ್ಮಲ್ಲಿ ಊರಿನ ಹೆಸರಿನಲ್ಲೇ ಕೆರೆಯುಂಟು. ಹೊಳೆಯಿಲ್ಲದ ನಾಡಿನಲ್ಲಿ ಮಳೆಯನ್ನು ಕಟ್ಟೆಕಟ್ಟಿ ನಿಲ್ಲಿಸಿಕೊಂಡು ಬಾಳಿದವರು ನಾವು. ಅವರು ಹಿಮವನ್ನು ಹಾಗೆಯೇ ಬಳಸುತ್ತಾರೆ. ಕೆಲವು ಕಡೆ ಮೈಲಿಗಟ್ಟಲೆ ದೂರದ ಹಿಮದ ಬುಡದಿಂದ, ಬೆಟ್ಟದ ಪಕ್ಕೆಯನ್ನು ಕಡಿದು, ಗೇಣಗಲದ ಕಾಲುವೆಯನ್ನು ತರುತ್ತಾರೆ. ಅದಕ್ಕೆ ಕುಲ್ ಎಂದು ಹೆಸರು. ಊರಿನ ಮೇಲ್ಭಾಗದಲ್ಲಿ ಒಂದು ದುಂಡನೆಯ ಕೊಳ. ರಾತ್ರಿ ತುಂಬಿಸಿಕೊಂಡು ಹಗಲು ಬಿಡುತ್ತಾರೆ. ಯಾವ ಮನೆಗೆ ಎಷ್ಟು ಹೊತ್ತು ನೀರೆಂಬುದು ಹಿಂದಿನಿಂದ ನಿಶ್ಚಯವಾಗಿದೆ. ಊರನ್ನು ಕಟ್ಟಿದ ಮೂಲ ಮನೆತನಗಳದೇ ಮೊದಲ ಹಕ್ಕು. ನಮ್ಮ ನೀರುಗಂಟಿ ಅಲ್ಲಿಗೆ ಹೋದರೆ ಭಾಷೆ ಬಾರದೆಯೂ ಕೆಲಸಕ್ಕೆ ನಿಲ್ಲಬಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಹಿಮ ಕಡಮೆಯಾಗುತ್ತಿದೆ, ಮಣ್ಣಿನ ಮಾಳಿಗೆಗಳ ಮೇಲೆ ಬೇಸಗೆಯ ಬಿರುಮಳೆ ಬೀಳುತ್ತಿದೆ. ಆ ಮನೆಗಳು ಚಿತ್ರದುರ್ಗ, ಬಳ್ಳಾರಿಯ ಕಡೆಯ ಮಾಳಿಗೆ ಮನೆಗಳ ದಾಯಾದಿಗಳು. ಮಂಜನ್ನು ತಾಳಿಕೊಳ್ಳಬಲ್ಲವು, ಜಡಿಮಳೆಯನ್ನಲ್ಲ.

ಊಟದ ವಿಷಯದಲ್ಲಿಯೂ ನನಗೆ ಹೊಸತೆನ್ನಿಸಲಿಲ್ಲ. ಹುರಿದು ಬೀಸಿದ ಜವೆಗೋದಿಯ ಹಿಟ್ಟಿಗೆ ಅವರು ಸಂಪಾ ಎನ್ನುತ್ತಾರೆ. ಉಪ್ಪು ಬೆಣ್ಣೆ ಹಾಕಿ ಕಡೆದ ಚಹಾವನ್ನು ಅದರ ಮೇಲೆ ಸುರಿದು ಬಟ್ಟಲಿನಲ್ಲೇ ಬೆರಳುಗಳಿಂದ ಕಲಸಿ ಉಂಡೆ ಮಾಡಿ ತಿನ್ನುವುದು. ನಮ್ಮ ರಾಗಿಯ ಹುರಿಹಿಟ್ಟಿಗೂ ಅದಕ್ಕೂ ಇರುವ ಅಂತರ ಧಾನ್ಯದ್ದು, ಬೆಲ್ಲದ್ದು. ಬೇರೆ ಏನೂ ಅಲ್ಲ. ಒಲೆಯಿಲ್ಲದ ದಾರಿಯಲ್ಲಿ ಹೊಟ್ಟೆ ತುಂಬಿಸಬೇಕಾದ ಜನ ಎಲ್ಲೆಡೆಯೂ ಒಂದೇ ಉಪಾಯವನ್ನು ಕಂಡುಕೊಳ್ಳುತ್ತಾರೆಂದು ತೋರುತ್ತದೆ.

ಲಾಂಗ್ಜಾದ ಸುತ್ತಿನ ಕಪ್ಪು ಜೇಡಿಕಲ್ಲಿನಲ್ಲಿ ಸುರುಳಿ ಸುರುಳಿಯಾದ ಚಿಪ್ಪಿನ ಅಚ್ಚುಗಳು ಸಿಗುತ್ತವೆ. ಹಿಮಾಲಯ ಏಳುವ ಮುನ್ನ ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳ ಅವಶೇಷಗಳು ಅವು. ಭೂವಿಜ್ಞಾನದಲ್ಲಿ ಆ ಶಿಲಾಸ್ತರಕ್ಕೆ ಸ್ಪಿತಿಯದೇ ಹೆಸರು. ನೇಪಾಳದ ಗಂಡಕಿಯಿಂದ ಬಂದು ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿ ಕುಳಿತಿರುವ ಸಾಲಿಗ್ರಾಮವೂ ಇದೇ ಕುಲದ ಕಲ್ಲು. ಮಕ್ಕಳು ಅಂಗೈಯಲ್ಲಿ ಹಿಡಿದು ಮಾರಲು ಬರುತ್ತಾರೆ. ಕೊಳ್ಳಬಾರದು, ನೋಡಿ, ಅಲ್ಲೇ ಬಿಡಬೇಕು.

ಇನ್ನು ಅಕ್ಷರದ ಮಾತು. ಪ್ರತಿಯೊಂದು ಊರಿನ ಬಾಯಲ್ಲೂ ಮಣಿಗೋಡೆಗಳಿವೆ. ಚಪ್ಪಟೆ ಕಲ್ಲುಗಳ ಮೇಲೆ ಅವಲೋಕಿತೇಶ್ವರನ ಆರಕ್ಷರದ ಮಂತ್ರವನ್ನು ಕೊರೆದು ಒಟ್ಟಿರುತ್ತಾರೆ. ದಾರಿಗರು ಅದನ್ನು ಬಲಕ್ಕಿಟ್ಟುಕೊಂಡು, ಅಂದರೆ ಪ್ರದಕ್ಷಿಣಕ್ರಮದಲ್ಲಿ, ಹಾದುಹೋಗಬೇಕು. ಸಂಸ್ಕೃತದಲ್ಲಿ ಆ ಮಂತ್ರಕ್ಕೆ ಷಡಕ್ಷರಿ ಎಂದೇ ಹೆಸರು. ಷಡಕ್ಷರಿಯೆಂದರೆ ನಮಗೆ ನೆನಪಾಗುವ ಮಂತ್ರವೇ ಬೇರೆ, ಕವಿಯೇ ಬೇರೆ. ಆದರೂ ಆ ಕಲ್ಲುಗಳ ಮುಂದೆ ಕನ್ನಡಿಗನೊಬ್ಬ ಅಪರಿಚಿತನಂತೆ ನಿಲ್ಲಬೇಕಾಗಿಲ್ಲ. ಏಳನೆಯ ಶತಮಾನದಲ್ಲಿ ತೊನ್ಮಿ ಸಂಭೋಟನೆಂಬವನು ಭಾರತಕ್ಕೆ ಬಂದು ಲಿಪಿಯನ್ನು ಕಲಿತು ಟಿಬೆಟ್ಟಿಗೆ ಒಯ್ದನೆಂದು ಅವರ ಪರಂಪರೆ ಹೇಳುತ್ತದೆ. ಆ ಲಿಪಿಯೂ ನಮ್ಮದೂ ಬ್ರಾಹ್ಮಿಯ ಮಕ್ಕಳೇ. ಅವರ ಮಕ್ಕಳು ಒಪ್ಪಿಸುವ ಪಾಠವನ್ನು ಕೇಳಿ: ಕ, ಖ, ಗ, ಙ, ಚ, ಛ, ಜ, ಞ, ತ, ಥ, ದ, ನ, ಪ, ಫ, ಬ, ಮ. ವರ್ಗಕ್ಕೆ ನಾಲ್ಕೇ ಅಕ್ಷರ. ಘ, ಝ, ಧ, ಭಗಳು ಅವರ ನಾಲಗೆಗೆ ಬೇಕಾಗಿರಲಿಲ್ಲ, ಬಿಟ್ಟರು. ಟವರ್ಗವನ್ನು ಇಡಿಯಾಗಿ ಕೈಬಿಟ್ಟರು. ಅಚ್ಚಗನ್ನಡವೂ ಮಹಾಪ್ರಾಣಗಳ ಹಂಗಿಲ್ಲದೆ ಬಾಳಬಲ್ಲದೆಂಬುದನ್ನು ಬಲ್ಲ ನಮಗೆ ಅವರ ಈ ಜಾಣತನ ಮೆಚ್ಚಿಕೆಯಾಗಬೇಕು. ಎರವಲು ತಂದದ್ದನ್ನು ಹೀಗೆ ಅಳತೆಗೆ ಕತ್ತರಿಸಿಕೊಂಡವರು ಗುಲಾಮರಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಕೋಮಿಕ್‌ನದು. ಗೊಂಪಾ ಎಂದರೆ ನಮ್ಮ ಮಠವೆಂದು ತಿಳಿದರೆ ಸಾಕು. ಮಠಗಳಂತೆಯೇ ಅವಕ್ಕೂ ಪಂಥಭೇದಗಳುಂಟು. ಸ್ಪಿತಿಯ ಕೀ, ಧನಕರ್, ತಾಬೊ ಗೊಂಪಾಗಳು ಗೆಲುಗ್ ಪಂಥದವು, ಪಿನ್ ಕಣಿವೆಯವರು ನಿಂಗ್ಮಾ ಪಂಥದವರು. ಕೋಮಿಕ್‌ನ ಮಣ್ಣಿನ ಗೊಂಪಾ ಸಾಕ್ಯ ಪಂಥಕ್ಕೆ ಸೇರಿದ್ದು. ಈ ಪಂಥದ ಮಹಾವಿದ್ವಾಂಸ ಸಾಕ್ಯ ಪಂಡಿತ, 1182ರಿಂದ 1251ರವರೆಗೆ ಬಾಳಿದವನು, ದಂಡಿಯ 'ಕಾವ್ಯಾದರ್ಶ'ವನ್ನು ಟಿಬೆಟನ್ನರಿಗೆ ಪರಿಚಯಿಸಿದ. ಅದೇ ಶತಮಾನದ ಉತ್ತರಾರ್ಧದಲ್ಲಿ ಶೋಂಗ್‌ತೊನ್ ದೋರ್ಜೆ ಗ್ಯಾಲ್ತ್ಸೆನ್ ಎಂಬ ಅನುವಾದಕ ಲಕ್ಷ್ಮೀಕರನೆಂಬ ಪಂಡಿತನ ನೆರವಿನಿಂದ ಇಡೀ ಗ್ರಂಥವನ್ನು ಟಿಬೆಟನ್ನಿಗೆ ತಂದ. ಕಾವ್ಯಕ್ಕೆ ಅವರು ಮಾಡಿಕೊಂಡ ಮಾತಿನ ಅರ್ಥ 'ಇಂಪಾದ ನುಡಿ'. ಆದರ್ಶಕ್ಕೆ 'ಮೆಲೋಂಗ್', ಅಂದರೆ ಕನ್ನಡಿ. ಅಂದಿನಿಂದ ಟಿಬೆಟ್ಟಿನ ಕವಿಗಳು ಉಪಮೆ, ರೂಪಕ, ದೀಪಕಗಳನ್ನು ಕಲಿತದ್ದು ಕಂಚಿಯ ದಂಡಿಯಿಂದ.

'ಕವಿರಾಜಮಾರ್ಗ'ವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅದೇ ದಂಡಿಯನ್ನು ನೃಪತುಂಗನ ಆಸ್ಥಾನ ಕ್ರಿ.ಶ. 850ರ ಸುಮಾರಿನಲ್ಲಿ, ಟಿಬೆಟನ್ನರಿಗಿಂತ ನಾಲ್ಕು ನೂರು ವರ್ಷ ಮೊದಲು, ಕನ್ನಡಕ್ಕೆ ಬರಮಾಡಿಕೊಂಡಿತ್ತು. ಎರಡು ಭಾಷೆಗಳೂ ತೀರ ಬೇರೆ ಕುಟುಂಬಗಳವು; ಎರಡೂ ಸಂಸ್ಕೃತದ ಮುಂದೆ ತಮ್ಮ ಕಾವ್ಯವನ್ನು ಹೇಗೆ ನಿಲ್ಲಿಸುವುದೆಂದು ಯೋಚಿಸಿದವು; ಎರಡೂ ಒಂದೇ ಕನ್ನಡಿಯ ಮುಂದೆ ನಿಂತವು. ಆದರೆ ನಿಂತ ಬಗೆ ಒಂದೇ ಅಲ್ಲ. ಟಿಬೆಟನ್ನರು ಶ್ಲೋಕಕ್ಕೆ ಶ್ಲೋಕವಿಟ್ಟು ನಿಷ್ಠೆಯಿಂದ ಅನುವಾದಿಸಿ, ಅನಂತರ ವ್ಯಾಖ್ಯಾನಗಳ ಮೇಲೆ ವ್ಯಾಖ್ಯಾನ ಬರೆದರು. ನಮ್ಮ ಶ್ರೀವಿಜಯ ದಂಡಿಯನ್ನು ಮುಂದಿಟ್ಟುಕೊಂಡು ಬೇರೊಂದು ಗ್ರಂಥವನ್ನೇ ಕಟ್ಟಿದ. ದಂಡಿಯ ವೈದರ್ಭ, ಗೌಡ ಮಾರ್ಗಗಳು ಅವನಲ್ಲಿ ಕನ್ನಡದ್ದೇ ದಕ್ಷಿಣ, ಉತ್ತರ ಮಾರ್ಗಗಳಾದವು. ಅಲಂಕಾರಶಾಸ್ತ್ರದ ನಡುವೆ ಕನ್ನಡನಾಡಿನ ಎಲ್ಲೆಗಳೂ ಜನರ ಗುಣವೂ ಬಂದು ಕುಳಿತವು. ಯಾವುದು ಮೇಲೆಂದು ತೂಗುವ ಆಸೆ ನನಗಿಲ್ಲ. ಮೂಲವನ್ನು ಕಾಪಾಡುವ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ: ಭಾರತದಲ್ಲಿ ಕಳೆದುಹೋದ ಎಷ್ಟೋ ಸಂಸ್ಕೃತ ಗ್ರಂಥಗಳು ಉಳಿದಿರುವುದು ಅವರ ಅನುವಾದದಲ್ಲಿಯೇ.

ಅನುವಾದಕನಿಗೆ ಅವರ ಮಾತು ಲೋಚಾವ. ಅದು ಬಿರುದು, ರಾಜರ ಹೆಸರಿಗಿಂತ ಹೆಚ್ಚಿನ ಗೌರವದಿಂದ ಅದನ್ನು ಉಚ್ಚರಿಸುತ್ತಾರೆ. ಧನಕರ್‌ನಿಂದ ಕೆಳಗಿಳಿದು ಬಸ್ಸಿನಲ್ಲಿ ಹೋದರೆ ಸಿಗುವ ತಾಬೊ ಗೊಂಪಾ ಕ್ರಿ.ಶ. 996ರಲ್ಲಿ ಸ್ಥಾಪಿತವಾದದ್ದು. ಹೊರಗೆ ಮಣ್ಣಿನ ಗುಡ್ಡೆಯಂತೆ ಕಾಣುವ ಆ ಕಟ್ಟಡದ ಒಳಗೆ, ಮಬ್ಬಿನಲ್ಲಿ, ಆಳೆತ್ತರದ ಗಾರೆಯ ದೇವತೆಗಳು ಗೋಡೆಯಿಂದ ಈಚೆಗೆ ತೇಲಿಬಂದಂತೆ ಕುಳಿತಿದ್ದಾರೆ. ಡಂಬಳದ ವರ್ತಕರು 1095ರ ಶಾಸನದಲ್ಲಿ ತಾರಾದೇವಿಯನ್ನು ನೆನೆಯುವ ಹೊತ್ತಿಗೆ ಈ ಗೋಡೆಗಳಿಗೆ ನೂರು ವರ್ಷವಾಗಿತ್ತು. ಈ ಪ್ರಾಂತದಲ್ಲಿ ಧರ್ಮವನ್ನು ನೆಲೆಗೊಳಿಸಿದ ರಿಂಚೆನ್ ಸಾಂಗ್ಪೊ, 958ರಿಂದ 1055ರವರೆಗೆ ಬದುಕಿದ ಮಹಾಲೋಚಾವ. ಗುಗೆಯ ಅರಸ ಯೆಶೆ ಒ ಸಂಸ್ಕೃತ ಕಲಿತುಬರಲೆಂದು ಇಪ್ಪತ್ತೊಂದು ಮಂದಿ ತರುಣರನ್ನು ಕಾಶ್ಮೀರಕ್ಕೆ ಕಳುಹಿಸಿದನಂತೆ. ಸೆಕೆಗೂ ರೋಗಕ್ಕೂ ಸಿಕ್ಕಿ ಹತ್ತೊಂಬತ್ತು ಮಂದಿ ಸತ್ತರಂತೆ. ಹಿಂದಿರುಗಿದ ಇಬ್ಬರಲ್ಲಿ ಈತನೊಬ್ಬ. ಇದು ಪರಂಪರೆಯ ಕಥೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಗ್ರಂಥ ಬರುವ ಬೆಲೆಯೇನೆಂಬುದನ್ನು ಅದು ಲೆಕ್ಕದಲ್ಲಿಯೇ ಹೇಳುತ್ತದೆ.

ಆ ದಾರಿ ಈಗ ತಿರುಗಿದೆ. 1959ರ ಅನಂತರ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟಿತು. ಮೊದಲು ಬಂದವರು ಕಾಡು ಕಡಿದು, ಆನೆಗಳ ನಡುವೆ, ತಮಗೆ ಒಗ್ಗದ ಸೆಕೆಯಲ್ಲಿ ಜೋಳ ಬಿತ್ತಿದರು. ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳ ಕಡೆ ಬೇರೆ ನೆಲೆಗಳಾದವು. ಲಾಸಾದ ಬಳಿಯ ಮೂರು ಮಹಾವಿಹಾರಗಳ ಪೈಕಿ ಸೆರಾ ಬೈಲಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ ಮರುಹುಟ್ಟು ಪಡೆದವು. ಹೀಗಾಗಿ ಸ್ಪಿತಿಯ ಹುಡುಗ ಉನ್ನತ ವ್ಯಾಸಂಗಕ್ಕಾಗಿ ಹೊರಟರೆ ಅವನು ಬಂದಿಳಿಯುವುದು ಕರ್ನಾಟಕದಲ್ಲಿ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಕಾಜಾದಲ್ಲಿ ನಾವು ತಂಗಿದ್ದ ಮನೆಯವರ ಸೋದರಳಿಯ, ಇಪ್ಪತ್ತೇಳರ ತರುಣ ಭಿಕ್ಷು, ಬೈಲಕುಪ್ಪೆಯಲ್ಲಿ ಹದಿನಾಲ್ಕು ವರ್ಷದಿಂದ ಓದುತ್ತಿರುವವರು, ರಜೆಗೆ ಊರಿಗೆ ಬಂದಿದ್ದರು. ನಾವು ಬೆಂಗಳೂರಿನ ಕಡೆಯವರೆಂದು ತಿಳಿದದ್ದೇ ದಾರಿ ತೋರಿಸಲು ಹೊರಟರು. "ನಿಧಾನ ನಡೀರಿ ಸಾರ್, ಇಲ್ಲಿ ಗಾಳಿ ಕಮ್ಮಿ" ಎಂದು ಕುಶಾಲನಗರದ ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಐದು ದಿನವೂ ನನ್ನನ್ನು ಎಚ್ಚರಿಸಿದರು. ಅವರ ಮುಖ್ಯ ವ್ಯಾಸಂಗ ಧರ್ಮಕೀರ್ತಿಯ ಪ್ರಮಾಣಶಾಸ್ತ್ರ. ಕಾವ್ಯ ಅವರ ಪಠ್ಯದಲ್ಲಿ ಮುಖ್ಯವಲ್ಲ. ಆದರೂ ಕೋಮಿಕ್‌ನ ಅಂಗಳದಲ್ಲಿ ನಾನು ದಂಡಿಯ ಹೆಸರೆತ್ತಿದಾಗ "ಮೆಲೋಂಗ್!" ಎಂದು ನಕ್ಕು, ಬಾಯಿಪಾಠವಿದ್ದ ಮೂರುನಾಲ್ಕು ಪದ್ಯಗಳನ್ನು ರಾಗವಾಗಿ ಒಪ್ಪಿಸಿದರು.

ಅವರ ಮನೆಯ ಹೊಲ ಅಣ್ಣನದು. ಆಸ್ತಿ ಹಿರಿಯ ಮಗನಿಗೆ, ಕಿರಿಯರು ಗೊಂಪಾಕ್ಕೆ ಎಂಬುದು ಸ್ಪಿತಿಯ ಹಳೆಯ ಕಟ್ಟು. ಅಷ್ಟು ಕಡಮೆ ನೀರಿನಲ್ಲಿ ಹೊಲವನ್ನು ಪಾಲುಮಾಡಿದರೆ ಯಾರಿಗೂ ಉಳಿಯದು. ಈಗ ಬಟಾಣಿಯ ಹಣ ಬಂದಿದೆ, ಶಾಲೆಗಳಿವೆ. ಕಿರಿಯ ಮಗ ಚಂಡೀಗಢಕ್ಕೆ ಹೋಗಿ ಬೇರೇನಾದರೂ ಆಗಬಲ್ಲ. ಟಿಬೆಟ್ಟಿನಿಂದಲೂ 2008ರಿಂದೀಚೆಗೆ ಗಡಿ ದಾಟಿ ಬರುವವರು ತೀರ ವಿರಳ. ಹಾಗಾಗಿ ನಮ್ಮ ನೆಲದ ಆ ವಿಹಾರಗಳು ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳಗಳ ಇಂಥ ಹಳ್ಳಿಗಳ ಹುಡುಗರನ್ನೇ ನೆಚ್ಚಿಕೊಂಡಿವೆ. ಹುಡುಗ ಬಂದರೆ ಹಳ್ಳಿ ಬರಿದು, ಬಾರದಿದ್ದರೆ ವಿಹಾರ ಬರಿದು. ಇದಕ್ಕೇನು ಪರಿಹಾರವೆಂದು ನಾನು ಕೇಳಿದೆ. ಅವರು ಉತ್ತರ ಕೊಡದೆ ಮಣಿಗೋಡೆಯ ಮೇಲಿಂದ ಜಾರಿದ್ದ ಒಂದು ಕಲ್ಲನ್ನು ಎತ್ತಿ ಸ್ವಸ್ಥಾನದಲ್ಲಿಟ್ಟರು.

ನಮ್ಮ ಕನ್ನಡ ವಿದ್ವಾಂಸರ ಪಾಲಿನದನ್ನು ಮಾತ್ರ ನಾನು ಹೇಳಬಲ್ಲೆ. ಅರವತ್ತು ವರ್ಷಗಳಿಂದ ಮೈಸೂರಿಗೆ ಎರಡು ಗಂಟೆಯ ದಾರಿಯಲ್ಲಿ, ದಂಡಿಯನ್ನು ಬಲ್ಲ ಇನ್ನೊಂದು ಪರಂಪರೆ ಕುಳಿತಿದೆ. ನನ್ನ ಅಧ್ಯಾಪನದ ಅವಧಿಯಲ್ಲಿ ಟಿಬೆಟನ್ ಕಲಿತ ಒಬ್ಬ ಕನ್ನಡ ಸಂಶೋಧಕನನ್ನೂ ನಾನು ಭೇಟಿಯಾಗಲಿಲ್ಲ. ಎರಡು ಭಾಷೆಗಳು ಸಂಸ್ಕೃತವನ್ನು ಎದುರುಗೊಂಡ ಬಗೆಯನ್ನು ಹೋಲಿಸಿ ನೋಡಲು ಹಿಮಾಲಯ ಹತ್ತಬೇಕಾಗಿಲ್ಲ. ಮಡಿಕೇರಿಯ ಬಸ್ಸು ಹತ್ತಿದರೆ ಸಾಕು. ಆ ನೆಲೆಗಳಿಗೆ ಹೋಗಲು ವಿದೇಶೀಯರಿಗೆ ಪರವಾನಗಿ ಬೇಕು, ನಮಗೆ ಅದೂ ಬೇಡ.

ಆ ಭಿಕ್ಷುವೂ ನಾನೂ ಈಗ ಎರಡು ತಿಂಗಳಿಗೊಮ್ಮೆ ಬೈಲಕುಪ್ಪೆಯಲ್ಲಿ ಕೂಡುತ್ತೇವೆ. ಅವರು ಟಿಬೆಟನ್ ಪಾಠವನ್ನು ಓದಿ ಅರ್ಥ ಹೇಳುತ್ತಾರೆ, ನಾನು ಕವಿರಾಜಮಾರ್ಗದ ಪದ್ಯವನ್ನು ಪಕ್ಕದಲ್ಲಿಡುತ್ತೇನೆ, ನಡುವೆ ಸಂಸ್ಕೃತದ ಮೂಲ ತೆರೆದಿರುತ್ತದೆ. ಕೆಲಸ ನಿಧಾನ. ಹತ್ತು ಗುಣಗಳ ಪೈಕಿ ಶ್ಲೇಷ, ಪ್ರಸಾದ, ಸಮತೆಗಳನ್ನು ಮುಗಿಸಿ ಈಗ ಮಾಧುರ್ಯಕ್ಕೆ ಬಂದಿದ್ದೇವೆ.