ಪ್ರೋಟಾನಿನ ನೂರರಲ್ಲೊಂದು ಪಾಲು

2025ರ ಜನವರಿ 14, ಸಂಕ್ರಾಂತಿ. ಮಧ್ಯಾಹ್ನ 1 ಗಂಟೆ 52 ನಿಮಿಷ. ಎಳ್ಳು ಬೀರಲು ಹೊರಡುವ ಹೊತ್ತಿನ್ನೂ ಆಗಿರಲಿಲ್ಲ. ಆಗ ಬಾಣಾವರಕ್ಕೂ ಅರಸೀಕೆರೆಗೂ ನಡುವಿನ ದೂರ ಕೊಂಚ ಹಿಗ್ಗಿತು, ಕುಗ್ಗಿತು, ಮತ್ತೆ ಹಿಗ್ಗಿತು. ನೆಟ್ಟಗೆ ಅಳೆದರೆ ಸುಮಾರು 15 ಕಿಲೋಮೀಟರ್. ಬದಲಾದದ್ದು ಹೆಚ್ಚೆಂದರೆ ಒಂದು ಪ್ರೋಟಾನಿನ ನೂರರಲ್ಲೊಂದು ಪಾಲು. ರೈಲು ಹಳಿಗೂ ತೆಂಗಿನ ತೋಟಕ್ಕೂ ಸುದ್ದಿಯೇ ಇಲ್ಲ. ಸುದ್ದಿ ಮುಟ್ಟಿದ್ದು ಗುರುತ್ವದ ಅಲೆಗಳನ್ನು ಹಿಡಿಯುವ ಅಮೆರಿಕದ ಎರಡು ಲೈಗೋ ಯಂತ್ರಗಳಿಗೆ.

ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಬಂದು ಕೂಡಿಕೊಂಡಿದ್ದವು; ಅಲ್ಲಿಂದೆದ್ದ ಅಲೆ ಇದು. ಒಂದೊಂದರಲ್ಲೂ ಮೂವತ್ತಕ್ಕಿಂತ ಹೆಚ್ಚು ಸೂರ್ಯರ ತೂಕ. ಅಡ್ಡಗಲ ಮಾತ್ರ 200 ಕಿಲೋಮೀಟರಿನ ಒಳಗೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಬಾಣಾವರದಷ್ಟು. ದೂರ ಸುಮಾರು 130 ಕೋಟಿ ಜ್ಯೋತಿರ್ವರ್ಷ. ಈ ದೂರ ನನ್ನನ್ನು ಅಷ್ಟೇನೂ ಬೆರಗುಗೊಳಿಸುವುದಿಲ್ಲ. ಹಳೇಬೀಡಿನ ಗುಡಿಗೆ 900 ವರ್ಷವಾಯಿತೆಂದು ಹೇಳಿಕೊಳ್ಳುತ್ತೇವೆ. ಈ ಸೀಮೆಯ ಬಂಡೆಗಳಿಗಾದರೋ ಅಲೆ ಅಲ್ಲಿಂದ ಹೊರಡುವಾಗಲೇ 100 ಕೋಟಿ ವರ್ಷ ದಾಟಿತ್ತು.

ಬೆರಗು ಲೆಕ್ಕದಲ್ಲಿದೆ. ಒಂದು 34 ಸೂರ್ಯರಷ್ಟು, ಇನ್ನೊಂದು 32. ಕೂಡಿದರೆ 66 ಆಗಬೇಕು. ಆದದ್ದು 63. ಮೂರು ಸೂರ್ಯರು ಲೆಕ್ಕಕ್ಕೆ ಸಿಗದೆ ಹೋದರು, ಅದೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ನಮ್ಮ ಸೂರ್ಯ 1000 ಕೋಟಿ ವರ್ಷ ಉರಿದು ಬೆಳಕಾಗಿ ಕಳೆದುಕೊಳ್ಳುವುದು ತನ್ನ ತೂಕದ ಸಾವಿರದಲ್ಲೊಂದು ಪಾಲನ್ನೂ ಅಲ್ಲ. ಇಲ್ಲಿ ಮೂರು ಸೂರ್ಯರು ಇಡಿಯಾಗಿ ಅಲೆಯಾಗಿ ಹೋದರು, ಒಂದು ಕಿಡಿ ಬೆಳಕಿಲ್ಲದೆ.

ಅಷ್ಟೆಲ್ಲ ಹೊರಟು ಇಲ್ಲಿಗೆ ಮುಟ್ಟುವಾಗ ಉಳಿದದ್ದೆಷ್ಟು? ಲೈಗೋದ ಒಂದೊಂದು ತೋಳು 4 ಕಿಲೋಮೀಟರ್ ಉದ್ದ. ಗಾಳಿ ತೆಗೆದ ಕೊಳವೆ, ತುದಿಯಲ್ಲಿ ತೂಗುಬಿಟ್ಟ 40 ಕಿಲೋದ ಕನ್ನಡಿ, ನಡುವೆ ನೂರಾರು ಸಲ ಹೋಗಿಬರುವ ಲೇಸರ್. ಅಲೆ ದಾಟುವಾಗ ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಆ ವ್ಯತ್ಯಾಸ ಪ್ರೋಟಾನಿನ ಅಗಲದ ನಾನೂರರಲ್ಲೊಂದು ಪಾಲಿನ ಆಸುಪಾಸು. ಲಾರಿ ಓಡಾಟ, ದೂರದ ಕಡಲ ಅಬ್ಬರ, ಕನ್ನಡಿಯೊಳಗಿನ ಅಣುಗಳ ಕಂಪನ, ಎಲ್ಲವನ್ನೂ ಸೋಸಿ ಇದನ್ನು ಹಿಡಿಯಬೇಕು. ಹಿಡಿದವರ ತಾಳ್ಮೆಗೆ ನಮೋ ಎನ್ನಬೇಕು.

ಕೂಡಿದ ಮೇಲೆ ಹೊಸ ಕಪ್ಪುಕುಳಿ ಹೊಡೆದ ಗಂಟೆಯಂತೆ ಮಿಡಿಯುತ್ತದೆ. ಅದರ ಸ್ವರ ಕೇಳಿ ತೂಕ, ತಿರುಗುವ ವೇಗ ಎರಡನ್ನೂ ಹೇಳಬಹುದು. ಆದರೆ ಮಿಡಿತ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ಹೊತ್ತಿನಲ್ಲೇ ಮೂರರಲ್ಲೊಂದಕ್ಕೆ ಇಳಿದುಬಿಡುತ್ತದೆ. ಈ ಮಿಡಿತವನ್ನು ಮೊದಲು ಲೆಕ್ಕದಲ್ಲಿ ಕಂಡವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಮುಂದೆ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದವರು. 1970ರಲ್ಲಿ, ಕಪ್ಪುಕುಳಿ ಇದೆಯೋ ಇಲ್ಲವೋ ಎಂದು ವಿಜ್ಞಾನಿಗಳೇ ಅನುಮಾನಿಸುತ್ತಿದ್ದಾಗ, ಅದರ ಮೇಲೆ ಲೆಕ್ಕದಲ್ಲೇ ಅಲೆ ಎಸೆದು, ಚದುರಿ ಬಂದದ್ದು ಹೇಗೆ ಅಡಗುತ್ತದೆಂದು ನೋಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಜಗತ್ತಿಗೆ ಸಾರಿದರು. ವಿಶ್ವೇಶ್ವರ ಅದನ್ನು ಕಂಡರು, 2017ರ ಜನವರಿ 16ರಂದು ತೀರಿಕೊಂಡರು. ಸಂಕ್ರಾಂತಿಯ ಅಲೆಯ ಬಲ ಮೊದಲನೆಯದರಷ್ಟೇ, ಆದರೆ ಯಂತ್ರ ಚುರುಕಾಗಿದ್ದರಿಂದ ಸುಮಾರು ಮೂರು ಪಟ್ಟು ಸ್ಪಷ್ಟವಾಗಿ ದಾಖಲಾಯಿತು. ಅದರ ಮಿಡಿತದಲ್ಲಿ ಒಂದಲ್ಲ, ಎರಡು ಸ್ವರ ಬೇರೆಬೇರೆಯಾಗಿ ಸಿಕ್ಕಿವೆ.