ವಿಜ್ಞಾನದ ಪಾಠವೂ ಹಾಲಿನ ಪಾತ್ರೆಯೂ



ಗಣಿತ ವಿಜ್ಞಾನಗಳನ್ನು ಕಲಿಸುವ ಬಗೆಯನ್ನು ಕುರಿತು ಮಾತು ಬಂದಾಗಲೆಲ್ಲ ನಾವು ಮೊದಲು ಎತ್ತುವುದು ಪ್ರಯೋಗಶಾಲೆಯ ಕೊರತೆಯನ್ನು. ಹಳ್ಳಿಯ ಶಾಲೆಯಲ್ಲಿ ಸಲಕರಣೆಗಳಿಲ್ಲ. ಆದುದರಿಂದ ಉಪಾಧ್ಯಾಯರು ಹೇಳಿದುದನ್ನು ಹುಡುಗರು ಬರೆದುಕೊಂಡು ಕಂಠಪಾಠ ಮಾಡುವುದಲ್ಲದೆ ಬೇರೆ ಮಾರ್ಗವಿಲ್ಲವೆಂಬುದು ಸಾಮಾನ್ಯವಾದ ವಾದ. ಕೋಲಾರದ ಸೀಮೆಯನ್ನು ಬಲ್ಲವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲದ ಆ ನಾಡಿನಲ್ಲಿ ಕೆರೆ, ಕೊಳವೆ ಬಾವಿ, ರೇಷ್ಮೆ, ಹಸು ಇವುಗಳನ್ನೇ ನಂಬಿ ಜನ ಬಾಳುತ್ತಾರೆ. ಕ್ಯಾಲನೂರಿನಂಥ ಊರಿನ ಹುಡುಗನೊಬ್ಬನು ಬೆಳಗ್ಗೆ ಡೈರಿಗೆ ಹಾಲು ಹಾಕಿ, ಅನಂತರ ಶಾಲೆಗೆ ಬರುತ್ತಾನೆ ಎಂದಿಟ್ಟುಕೊಳ್ಳೋಣ. ಅವನ ಮನೆಯ ಆದಾಯವನ್ನು ನಿರ್ಣಯಿಸುವುದು ಹಾಲಿನ ಅಳತೆ ಮಾತ್ರವಲ್ಲ, ಅದರ ಕೊಬ್ಬಿನ ಅಂಶವೂ ಹೌದು. ಆದರೆ ಅದೇ ಹುಡುಗನು ತರಗತಿಯಲ್ಲಿ ಕುಳಿತು ‘ಸಾಂದ್ರತೆ’ ಎಂಬ ಮಾತನ್ನು ಕೇಳಿದಾಗ, ಅದಕ್ಕೂ ತಾನು ಬೆಳಗ್ಗೆ ಹೊತ್ತು ತಂದ ಪಾತ್ರೆಗೂ ಏನಾದರೂ ಸಂಬಂಧವಿದೆಯೆಂದು ಅವನಿಗೆ ತೋರುವುದೇ ಇಲ್ಲ.

ಇದಕ್ಕೆ ಭಾಷೆಯೂ ಒಂದು ಕಾರಣ. ಆ ಭಾಗದ ಅನೇಕ ಮಕ್ಕಳಿಗೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಪುಸ್ತಕದ ಪರಿಭಾಷೆಯೋ ಸಂಸ್ಕೃತ. ‘ಗಟ್ಟಿ ಹಾಲು’ ಎಂದು ಕನ್ನಡದಲ್ಲಿಯೂ ‘ಚಿಕ್ಕನಿ ಪಾಲು’ ಎಂದು ತೆಲುಗಿನಲ್ಲಿಯೂ ನಾವು ಹೇಳುವಾಗ, ದಪ್ಪನೆಯದು, ನೀರು ಬೆರೆಯದುದು, ತೂಕವಾದುದು ಎಂಬ ಬೇರೆ ಬೇರೆ ಭಾವನೆಗಳು ಒಂದೇ ಮಾತಿನೊಳಗೆ ಕಲೆತುಹೋಗಿರುತ್ತವೆ. ಶಾಸ್ತ್ರವು ಇವನ್ನು ಬೇರ್ಪಡಿಸಬೇಕು. ಬರಿಯ ವ್ಯಾಖ್ಯೆಯಿಂದ ಈ ಕೆಲಸ ಆಗುವುದಿಲ್ಲ.

ಆದುದರಿಂದ ಉಪಾಧ್ಯಾಯರು ವ್ಯಾಖ್ಯೆಯನ್ನು ಬದಿಗಿಟ್ಟು, ಒಂದು ಲ್ಯಾಕ್ಟೋಮೀಟರನ್ನೂ ಎರಡು ಎತ್ತರದ ಪಾತ್ರೆಗಳನ್ನೂ ಮೇಜಿನ ಮೇಲಿಡಲಿ. ಒಂದರಲ್ಲಿ ಹಸುವಿನ ಹಾಲು. ಉಪಕರಣ ೩೦ ಅಂಕವನ್ನು ತೋರಿಸುತ್ತದೆ, ಎಂದರೆ ಸಾಂದ್ರತೆ ೧.೦೩೦. ಇನ್ನೊಂದರಲ್ಲಿ ಅದೇ ಹಾಲು, ಆದರೆ ಕೆನೆ ತೆಗೆದದ್ದು. ಎರಡೂ ಒಂದೇ ಉಷ್ಣತೆಯಲ್ಲಿರಬೇಕು. ಉಪಕರಣವನ್ನು ಎರಡನೆಯ ಪಾತ್ರೆಯಲ್ಲಿ ಬಿಡುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ಅಂಕ ಏರುವುದೋ, ಇಳಿಯುವುದೋ? ಪ್ರತಿಯೊಬ್ಬರೂ ತಮ್ಮ ಊಹೆಯನ್ನೂ ಕಾರಣವನ್ನೂ ಹಲಗೆಯ ಮೇಲೆ ಬರೆಯಲಿ. ಅನಂತರ ಪಕ್ಕದವರೊಡನೆ ವಾದಿಸಲಿ. ಕೆನೆ ಗಟ್ಟಿಯಾದುದು, ಅದನ್ನು ತೆಗೆದರೆ ಹಾಲು ಹಗುರಾಗುತ್ತದೆ, ಅಂಕ ಇಳಿಯುತ್ತದೆ ಎಂದು ಹೇಳುವವರು ಇದ್ದೇ ಇರುತ್ತಾರೆ. ನೋಡಿದರೆ ಅಂಕ ಏರಿ ೩೬ರ ಸಮೀಪಕ್ಕೆ ನಿಂತಿರುತ್ತದೆ! ಕೆನೆಯು ಹಾಲಿನ ಮೇಲೆ ತೇಲುವುದನ್ನು ಮಕ್ಕಳು ದಿನವೂ ಕಂಡಿದ್ದಾರೆ. ತೇಲುವ ವಸ್ತು ಹಗುರವಾಗಿರಲೇಬೇಕಷ್ಟೆ. ಕಂಡಿದ್ದ ಸಂಗತಿ ಈಗ ತಿಳಿವಾಯಿತು.

ಇಲ್ಲಿಂದ ಗಣಿತಕ್ಕೆ ದಾರಿ ದೂರವಿಲ್ಲ. ಕೆನೆ ತೆಗೆದ ಐದು ಲೋಟ ಹಾಲಿಗೆ ಒಂದು ಲೋಟ ನೀರು ಬೆರೆಸಿದರೆ, ಐದು ಲೋಟಗಳ ೩೬ ಅಂಕ ಆರು ಲೋಟಗಳಿಗೆ ಹಂಚಿಹೋಗಿ ಮತ್ತೆ ೩೦ ಆಗುತ್ತದೆ. ಎರಡು ಬಗೆಯ ಮೋಸ ಸೇರಿ ಉಪಕರಣದ ಮುಂದೆ ಸಾಧುವಾಗಿ ನಿಲ್ಲುತ್ತದೆ. ಲ್ಯಾಕ್ಟೋಮೀಟರೊಂದನ್ನೇ ನಂಬದೆ ಡೈರಿಯಲ್ಲಿ ಕೊಬ್ಬನ್ನು ಬೇರೆಯಾಗಿ ಏಕೆ ಪರೀಕ್ಷಿಸುತ್ತಾರೆಂಬುದನ್ನು ಮಕ್ಕಳೇ ಹೇಳಬಲ್ಲರು. ತಂದೆಯ ಚೀಟಿಯಲ್ಲಿ ಬರೆದ ಅಂಕಿಯನ್ನು ಓದಿ ಪ್ರಶ್ನಿಸಬಲ್ಲ ಹುಡುಗಿಗೆ ಭೌತಶಾಸ್ತ್ರ ಬರಿಯ ಪರೀಕ್ಷೆಯ ವಿಷಯವಾಗಿ ಉಳಿಯುವುದಿಲ್ಲ.

ಊಹೆ, ಚರ್ಚೆ, ಪರೀಕ್ಷೆ ಎಂಬ ಈ ಕ್ರಮ ನಮ್ಮ ಕಲ್ಪನೆಯೇನೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದ ಎರಿಕ್ ಮಜೂರರು, ಸೂತ್ರಗಳನ್ನು ಚೆನ್ನಾಗಿ ಬಳಸುವ ವಿದ್ಯಾರ್ಥಿಗಳೂ ಮೂಲಭಾವನೆಯಲ್ಲಿ ಎಡವುವುದನ್ನು ಕಂಡು, ೧೯೯೧ರಿಂದ ಉಪನ್ಯಾಸದ ನಡುವೆ ಪ್ರಶ್ನೆಯೊಂದನ್ನಿಟ್ಟು ಪಕ್ಕದವರೊಡನೆ ಚರ್ಚಿಸುವ ಪದ್ಧತಿಯನ್ನು ರೂಢಿಗೆ ತಂದರು. ೨೦೧೪ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಅವರ ಸಂಗಡಿಗರು ೨೨೫ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಬರಿಯ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು ೩೪ ಮಂದಿಯೂ, ವಿದ್ಯಾರ್ಥಿಗಳು ತಾವೇ ತೊಡಗುವ ತರಗತಿಗಳಲ್ಲಿ ಸುಮಾರು ೨೨ ಮಂದಿಯೂ ತೇರ್ಗಡೆಯಾಗದಿರುವುದು ಕಂಡುಬಂದಿತು. ಇವು ಕಾಲೇಜಿನ ಲೆಕ್ಕಗಳು. ಹಳ್ಳಿಯ ಪ್ರೌಢಶಾಲೆಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಆದರೂ ದಿಕ್ಕು ಸ್ಪಷ್ಟವಾಗಿದೆ.

ದೂರದ ಹೆಸರುಗಳೇ ಏಕೆ? ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಹೆಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಶ್ನೆ ಕೇಳುವುದನ್ನೇ ವಿದ್ಯೆಯ ಮೊದಲ ಲಕ್ಷಣವೆಂದು ಬಗೆದವರು. ಅವರು ೧೯೬೨ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಿಜ್ಞಾನವನ್ನು ತರಗತಿಯ ಹೊರಗೆ, ಜನರ ನಡುವೆ ತಂದಿತು.

ಇಂಥ ಪಾಠಕ್ಕೆ ಹೊತ್ತು ಬಹಳ ಹಿಡಿಯುವುದೆಂಬ ಆಕ್ಷೇಪಣೆ ಉಂಟು. ಅದು ನಿಜವೇ. ಎಲ್ಲ ಪಾಠಗಳನ್ನೂ ಹೀಗೆ ನಡೆಸಲಾಗದು; ಹುಡುಗರ ಸಹಜವಾದ ತಪ್ಪು ಎಲ್ಲಿ ಬೇರೂರಿದೆಯೋ ಅಲ್ಲಿ ಮಾತ್ರ ನಿಧಾನಿಸಿ, ಉಳಿದುದನ್ನು ನೇರವಾಗಿ ಹೇಳಿ ಮುಗಿಸಿದರೆ ಸಾಕು. ಕಲಿತದ್ದು ಉಳಿಯಬೇಕಾದರೆ ಒಂದು ವಾರದ ಮೇಲೆ ಪುಸ್ತಕ ಮುಚ್ಚಿಸಿ ಕೇಳಬೇಕು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆದು ಹೇಳುವುದು ಹೆಚ್ಚು ಕಾಲ ನಿಲ್ಲುತ್ತದೆಂದು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ೨೦೦೬ರಲ್ಲಿ ತೋರಿಸಿದ್ದಾರೆ.

ಆಗ ಕೇಳುವ ಪ್ರಶ್ನೆಯೂ ಹಳೆಯದಾಗಿರಬಾರದು. ಎಮ್ಮೆಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಕೊಬ್ಬು ಹೆಚ್ಚು. ಹಾಗಾದರೆ ಅದರ ಅಂಕ ಬಹಳ ಕಡಮೆಯಾಗಿರಬೇಕಲ್ಲವೆ? ಅಳೆದರೆ ಹಾಗೆ ಕಾಣುವುದಿಲ್ಲ. ಕೊಬ್ಬಿನ ಜೊತೆಗೆ ಅದರಲ್ಲಿ ಇನ್ನೇನು ಹೆಚ್ಚಾಗಿದೆಯೆಂಬುದನ್ನು ಮಕ್ಕಳು ಹುಡುಕಲಿ.