ಗೆಡ್ಡೆ ತೆಗೆದ ಮೇಲೂ ಕರೆಂಟ್ ಯಾಕೆ?

ಕೋಲಾರ ಸೀಮೆಯಲ್ಲಿ ಹೊಗೆಸೊಪ್ಪಿನ ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡೇ ಮಲಗುವ ಹೆಂಗಸರಿದ್ದಾರೆ. ಕ್ಯಾನ್ಸರಿನ ಹುಣ್ಣು ಏಳುವುದೂ ಅಲ್ಲೇ, ಕೆನ್ನೆಯ ಒಳಮೈಯಲ್ಲಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಟಮಕದ ಜಾಲಪ್ಪ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಬಂದು ಆಪರೇಷನ್ ಮಾಡಿಸಿಕೊಂಡವರ ಮನೆಯವರಿಗೆ ಏಳುವ ಪ್ರಶ್ನೆ ಒಂದೇ: “ಎಲ್ಲಾ ತೆಗೆದಾಯ್ತು ಅಂದ್ರಲ್ಲ ಸಾರ್, ಮತ್ತೆ ಕರೆಂಟ್ ಯಾಕೆ?” ಕರೆಂಟ್ ಅಂದರೆ ವಿಕಿರಣ ಚಿಕಿತ್ಸೆ.

ಇದಕ್ಕೆ ಉತ್ತರ ಸಿಗಲು ದಶಕಗಳೇ ಹಿಡಿದವು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಗಿಲ್ಬರ್ಟ್ ಫ್ಲೆಚರ್, ಕೈಗೆ ಸಿಗುವ ಗಂಟಿಗೆ ಬೇಕಾದಷ್ಟು ವಿಕಿರಣ ಕಣ್ಣಿಗೆ ಕಾಣದ ಉಳಿಕೆಗೆ ಬೇಡ, ಸುಮಾರು 50 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ) ಸಾಕು ಎಂದು ತೋರಿಸಿದರು. ಗಂಟಿಗೆ ಚಾಕು, ಉಳಿಕೆಗೆ ವಿಕಿರಣ ಎಂಬ ಜೋಡಿ ಗಟ್ಟಿಯಾಯಿತು. ಆದರೆ ಕೊಯ್ದ ಜಾಗದಲ್ಲಿ ರಕ್ತಸಂಚಾರ ಕುಗ್ಗಿರುವುದರಿಂದ ವಿಕಿರಣದ ಪ್ರಭಾವವೂ ಕುಗ್ಗುತ್ತದೆ. 1993ರಲ್ಲಿ ಅದೇ ಊರಿನ ಪೀಟರ್ಸ್ ತಂಡ ಲೆಕ್ಕ ತಿದ್ದಿತು: 57.6 ಗ್ರೇಗೆ ಕಡಿಮೆಯಾಗಬಾರದು. ಕತ್ತಿನ ಗ್ರಂಥಿಯ ಕವಚ ಒಡೆದು ಕ್ಯಾನ್ಸರ್ ಹೊರಬಿದ್ದಿದ್ದರೆ 63 ಬೇಕು.

ನಮ್ಮವರಿಗೆ ಇದಕ್ಕಿಂತ ಹತ್ತಿರದ ಪುರಾವೆ ಒಡಿಶಾದ ಕಟಕ್‌ನದು. ಮಿಶ್ರಾ ಮತ್ತು ಸಂಗಡಿಗರು ಬೆಳೆದುಬಿಟ್ಟಿದ್ದ, ಮೂರು ಮತ್ತು ನಾಲ್ಕನೇ ಹಂತದ ಕೆನ್ನೆಯ ಕ್ಯಾನ್ಸರನ್ನೇ ಎತ್ತಿಕೊಂಡು 140 ಜನರನ್ನು ಎರಡು ಗುಂಪು ಮಾಡಿದರು. 1996ರಲ್ಲಿ ಬಂದ ಫಲಿತಾಂಶ: ಮೂರು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಉಳಿದವರು ಬರೀ ಆಪರೇಷನ್ ಆದವರಲ್ಲಿ ಶೇ. 38, ವಿಕಿರಣವೂ ಸೇರಿದವರಲ್ಲಿ ಶೇ. 68. ಬಡವರ ಬಾಯಿಯ ರೋಗಕ್ಕೆ ಬಡವರೇ ಕೊಟ್ಟ ಈ ಸಾಕ್ಷ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

2004ರಲ್ಲಿ, ವಿಕಿರಣಕ್ಕೆ ಔಷಧಿ ಸೇರಿಸಿ ನೋಡಿದ ಯುರೋಪು, ಅಮೆರಿಕಗಳ ಎರಡು ಪ್ರಯೋಗಗಳು ಒಟ್ಟಿಗೇ ಪ್ರಕಟವಾದವು. ಮರುವರ್ಷ ಎರಡನ್ನೂ ಕೂಡಿಸಿ ನೋಡಿದಾಗ, ಕವಚ ಒಡೆದವರಿಗೆ ಮತ್ತು ಕೊಯ್ದ ಅಂಚಿನಲ್ಲೇ ಕ್ಯಾನ್ಸರ್ ಉಳಿದವರಿಗೆ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಔಷಧಿಯಿಂದಲೂ ಲಾಭವೆಂದು ಕಂಡಿತು.

ಹಾಗಾಗಿ ತೀರ್ಮಾನ ನಿಲ್ಲುವುದು ಕೊಯ್ದು ತೆಗೆದ ಗೆಡ್ಡೆಯ ಬಯಾಪ್ಸಿ ರಿಪೋರ್ಟಿನ ಮೇಲೆ. ಗೆಡ್ಡೆ ಚಿಕ್ಕದು, ಆಳಕ್ಕಿಳಿದಿಲ್ಲ, ಅಂಚು ಶುದ್ಧ, ನರಕ್ಕೆ ಹತ್ತಿಲ್ಲ, ಗ್ರಂಥಿಗೆ ಹೋಗಿಲ್ಲ ಅಂದರೆ ಸಾಮಾನ್ಯವಾಗಿ ಕರೆಂಟ್ ಬೇಡ, ತಪ್ಪದೆ ತೋರಿಸಿಕೊಳ್ಳುತ್ತಿದ್ದರಾಯಿತು. ಬೇಕೆಂದಾದರೆ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ಅದಕ್ಕೂ ಮುಂಚೆ ಹಾಳಾದ ಹಲ್ಲು ಕೀಳಿಸಿರಬೇಕು, ಯಾಕೆಂದರೆ ವಿಕಿರಣವಾದ ಮೇಲೆ ಕಿತ್ತರೆ ದವಡೆಮೂಳೆ ಮಾಯದೆ ಕೊಳೆಯಬಹುದು. ಇನ್ನು ವಾರಕ್ಕೆ ಐದು ದಿನದಂತೆ ಆರು ವಾರ. ಕೂಲಿ ಬಿಟ್ಟು ಅಷ್ಟು ದಿನ ಓಡಾಡಲಾಗದೆ ನಡುವೆ ನಿಲ್ಲಿಸಿದರೆ ಉಳಿದ ಕಣಗಳು ಮತ್ತೆ ಚಿಗುರುತ್ತವೆ. ಉಳಿಯುವ ಜಾಗವನ್ನು, ಬಸ್ಸಿನ ಖರ್ಚನ್ನು ಮೊದಲ ದಿನವೇ ಡಾಕ್ಟರ ಮುಂದೆ ಮಾತಾಡಿಕೊಳ್ಳಬೇಕು.